ಬ್ರೇಕಿಗೆ ಬದನೆಕಾಯಿ ಬಣ್ಣ

ನಮ್ಮ ಚಿಕ್ಕಮ್ಮ ಗಂಡನನ್ನು ಒಪ್ಪಿಕೊಂಡದ್ದು ಒಂದು ಲೋಟ ಕಾಫಿ ಆರುವಷ್ಟರಲ್ಲಿ. ಅದೇ ಚಿಕ್ಕಮ್ಮ ಕಾರಿನ ಬ್ರೇಕಿಗೆ ಬಣ್ಣ ಒಪ್ಪಿಕೊಳ್ಳಲು ತೆಗೆದುಕೊಂಡದ್ದು ಒಂದು ಇಡೀ ಬೇಸಿಗೆ! ಉತ್ಪ್ರೇಕ್ಷೆ ಅಂದಿರಾ? ಕುವೆಂಪುನಗರದ ಅವರ ಬೀದಿಯಲ್ಲಿ ಯಾರನ್ನಾದರೂ ಕೇಳಿ ನೋಡಿ. ಆ ಬೀದಿಯವರೆಲ್ಲ ಈಗ ಬ್ರೇಕಿನ ವಿಷಯದಲ್ಲಿ ಪಂಡಿತರು. ಪಾಪ, ಅವರಾಗಿ ಕಲಿತದ್ದಲ್ಲ, ಕಲಿಸಿದ್ದು.

ಚಿಕ್ಕಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಚಿಕ್ಕಪ್ಪ ಅಂಚೆ ಕಚೇರಿಯಲ್ಲಿದ್ದವರು, ಮಾತು ಕಡಿಮೆ. ಮನೆಯಲ್ಲಿ ಮಾತಾಡುವ ಪಾಲು ಒಬ್ಬರದು, ಕೇಳುವ ಪಾಲು ಒಬ್ಬರದು. ಕಾರು ಓಡಿಸುವುದೂ ಚಿಕ್ಕಮ್ಮನೇ, ಚಿಕ್ಕಪ್ಪನಿಗೆ ಸೈಕಲ್ ಬಿಟ್ಟು ಬೇರೇನೂ ಬಾರದು.

ಇಬ್ಬರೂ ಒಂದು ದಿನ ಚಾಮುಂಡಿ ಬೆಟ್ಟಕ್ಕೆ ಹೋಗಿ ಇಳಿಯುತ್ತಿದ್ದರು. ಅರ್ಧ ದಾರಿಯಲ್ಲಿ ಏನೋ ಸುಟ್ಟ ವಾಸನೆ ಬಂತಂತೆ. ಬ್ರೇಕ್ ಒತ್ತಿದರೆ ಹತ್ತಿ ದಿಂಬಿನೊಳಗೆ ಕಾಲಿಟ್ಟ ಹಾಗೆ ಸೊಯ್ಯನೆ ಕೆಳಗೆ ಹೋಯಿತಂತೆ. ಚಿಕ್ಕಮ್ಮ ಗೇರು ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕಾರಿನ ಮಗ್ಗುಲನ್ನು ರಸ್ತೆ ಬದಿಯ ಕಟ್ಟೆಗೆ ಉಜ್ಜಿ ಹೇಗೋ ನಿಲ್ಲಿಸಿದರು. ಇಬ್ಬರಿಗೂ ಏನೂ ಆಗಲಿಲ್ಲ. ಕಟ್ಟೆಗೆ ಸ್ವಲ್ಪ ಆಯಿತು.

ಸುದ್ದಿ ಕೇಳಿ ಸರಸ್ವತಿಪುರಂನಿಂದ ನಾನು ಸ್ಕೂಟರಿನಲ್ಲಿ ಎದ್ದೆನೋ ಬಿದ್ದೆನೋ ಅಂತ ಓಡಿದೆ. ಚಿಕ್ಕಮ್ಮ ಅಳುತ್ತಿರಬಹುದು, ಸಮಾಧಾನ ಮಾಡಬೇಕು ಅಂದುಕೊಂಡೇ ಹೋದದ್ದು. ಅವರು ಸೋಫಾದಲ್ಲಿ ಕಾಲು ಮೇಲಿಟ್ಟುಕೊಂಡು ಮೊಬೈಲಿನಲ್ಲಿ ರೇಸ್ ಕಾರುಗಳ ವೀಡಿಯೋ ನೋಡುತ್ತಿದ್ದರು!

"ಬಂದ್ಯಾ, ಕೂತ್ಕೋ. ನಾನು ಬ್ರೇಕ್ ಬದಲಾಯಿಸ್ತಾ ಇದೀನಿ. ದೊಡ್ಡದು. ರೇಸಿನವರು ಹಾಕೋವಂಥದ್ದು."

"ಚಿಕ್ಕಮ್ಮ, ನೀವು ಓಡಿಸೋ ಸ್ಪೀಡಿಗೆ ಸೈಕಲ್ಲಿನವರೂ ಹಾರ್ನ್ ಹೊಡೆದು ಮುಂದೆ ಹೋಗ್ತಾರೆ!"

"ಜೋರಾಗಿ ಓಡಿಸೋಕಲ್ಲ ಕಣೇ. ಜೋರಾಗಿ ನಿಲ್ಲಿಸೋಕೆ!"

ಮರುದಿನವೇ ನನ್ನನ್ನೂ ಎಳೆದುಕೊಂಡು ಗ್ಯಾರೇಜು ಹುಡುಕಲು ಹೊರಟರು.

ಕಡಕೊಳದ ಕೈಗಾರಿಕಾ ಪ್ರದೇಶದಲ್ಲಿ ಇಂಥ ಕೆಲಸ ಮಾಡುವ ಒಂದು ಗ್ಯಾರೇಜು ಸಿಕ್ಕಿತು. ಹಳೆಯ ಬ್ರೇಕು ಬಿಚ್ಚಿದರು, ಕಾರನ್ನು ಸ್ಟ್ಯಾಂಡಿನ ಮೇಲೆ ಕೂರಿಸಿದರು, ಹೊಸ ಕ್ಯಾಲಿಪರುಗಳು ಬಂದವು. ಕ್ಯಾಲಿಪರ್ ಅಂದರೆ ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆಯನ್ನು ಇಕ್ಕಳದ ಹಾಗೆ ಅಮುಕಿ ಹಿಡಿಯುವ ಭಾಗ. ಚಕ್ರದ ಸಂದಿಯಿಂದ ಇಣುಕುತ್ತದೆ, ಅದಕ್ಕೇ ಶೋಕಿಯವರು ಬಣ್ಣ ಹೊಡೆಸುತ್ತಾರೆ.

"ಎಲ್ಲಾರೂ ಕೆಂಪು ತಗೊಳ್ತಾರೆ ಅಮ್ಮ, ಹೊಡೆದುಬುಡ್ಲಾ?" ಅಂದರು ಗ್ಯಾರೇಜಿನ ಯಜಮಾನರು.

ಅಯ್ಯೋ, ಆ 'ಎಲ್ಲಾರೂ' ಅನ್ನುವ ಮಾತು ಆಡಬಾರದಿತ್ತು! "ಎಲ್ಲರೂ ಹಾಕೋದನ್ನ ಹಾಕೋಕೆ ನಾನೇನು ಸ್ಕೂಲ್ ಯೂನಿಫಾರಂ ಹೊಲಿಸ್ತಾ ಇದೀನಾ?" ಅಂದರು ಚಿಕ್ಕಮ್ಮ. ಆಮೇಲೆ ಪ್ರಶ್ನೆಗಳ ಸುರಿಮಳೆ. ಬ್ರಷ್ಷಿನ ಪೇಂಟೋ, ಪುಡಿ ಉದುರಿಸಿ ಒಲೆಯಲ್ಲಿ ಬೇಯಿಸುವ ಪೌಡರ್ ಕೋಟಿಂಗೋ? ಹೊಳಪೋ, ಮಂಕೋ? ಬಿಸಿಗೆ ಬಣ್ಣ ಕೆಟ್ಟರೆ ಯಾರು ಹೊಣೆ? ಕೊನೆಗೆ ಯಜಮಾನರು ಮಾದರಿಗೆ ಬಣ್ಣ ಹೊಡೆಯದ ಬೇರೊಂದು ಕ್ಯಾಲಿಪರನ್ನೂ, ಬಣ್ಣ ಹಚ್ಚಿದ ಒಂದಷ್ಟು ತಗಡಿನ ಚೂರುಗಳನ್ನೂ ಚೀಲಕ್ಕೆ ಹಾಕಿ, "ಮನೇಲಿ ನಿಧಾನವಾಗಿ ನೋಡಿ ಹೇಳಿ" ಅಂತ ಕೈಮುಗಿದು ಕಳಿಸಿದರು. 'ನಿಧಾನವಾಗಿ' ಅನ್ನುವ ಮಾತನ್ನೂ ಆಡಬಾರದಿತ್ತು.

ಒಂದು ವಾರ ಬಿಟ್ಟು ಹೋದೆ. ನಡುಮನೆಯಲ್ಲಿ ಪಕ್ಕದ ಮನೆಯ ಅಜ್ಜಿ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದಾರೆ. ಎದುರಿಗೆ ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ಕ್ಯಾಲಿಪರು, ಕ್ಯಾಲಿಪರಿನ ಹಣೆಯಲ್ಲಿ ವಿಭೂತಿ!

"ಯಾವ ಕ್ಷೇತ್ರದ ಲಿಂಗ ಕಣಮ್ಮ ಇದು? ಇಂಥ ಆಕಾರ ನಾನು ನೋಡೇ ಇರಲಿಲ್ಲ" ಅಂದರು ಅಜ್ಜಿ.

"ಕಡಕೊಳದ್ದು" ಅಂದರು ಚಿಕ್ಕಮ್ಮ, ಒಂದಿಷ್ಟೂ ನಗದೆ. ಅಜ್ಜಿ ಹೋದ ಮೇಲೆ ನನ್ನತ್ತ ತಿರುಗಿ, "ವಿಭೂತಿ ಬಿಳಿ ಚೆನ್ನಾಗಿ ಕಾಣ್ತಿದೆ ಅಲ್ವೇನೇ?" ಅಂದರು.

ಬಿಳಿಗೆ ಮನಸ್ಸು ಹೋಯಿತು ಅಂತ ನಾನು ನಿಟ್ಟುಸಿರು ಬಿಟ್ಟೆ. ಆತುರಪಟ್ಟೆ! ವಿಜ್ಞಾನದ ಮೇಡಂ ಪ್ರಯೋಗ ಮಾಡದೆ ಯಾವುದನ್ನು ಒಪ್ಪಿದ್ದರು? ಮರುದಿನ ಬಿಳಿ ಚೂರನ್ನು ಗ್ಯಾಸ್ ಒಲೆಯ ಮೇಲೆ, ದೋಸೆ ಹೆಂಚಿನ ಪಕ್ಕದಲ್ಲೇ ಕಾಯಿಸಿದರು. ಅದು ಹುರಿದ ಗೋಡಂಬಿಯ ಹಾಗೆ ಹೊಂಬಣ್ಣಕ್ಕೆ ತಿರುಗಿತು. ಮನೆ ತುಂಬ ಹೊಗೆ. ನಾನು ಬಾಯಿಗೆ ದುಪಟ್ಟಾ ಒತ್ತಿಕೊಂಡು ಹೊರಗೋಡಿದೆ. ಚಿಕ್ಕಪ್ಪ ಒಂದೊಂದಾಗಿ ಕಿಟಕಿ ತೆಗೆದು ಬಂದು ಕೂತು ಕೇಳಿದರು: "ಇವಳೇ, ದೋಸೇನೂ ಆಯ್ತಾ?"

ಬಿಳಿ ಹೋಯಿತು. ಆಮೇಲೆ ಬ್ರೇಕು ಸವೆದು ಉದುರುವ ಮಸಿಯ ಪರೀಕ್ಷೆ. ಬಾಣಲೆಯ ತಳ ಕೆರೆದು ಎಲ್ಲ ಚೂರುಗಳಿಗೂ ಮಸಿ ಬಳಿದು ಒರೆಸಿದರು. ಮಂಕು ಬಣ್ಣದವು ಮಸಿಯನ್ನು ಸ್ವಂತ ಮಕ್ಕಳ ಹಾಗೆ ಅಪ್ಪಿಕೊಂಡವು. ಹೊಳಪಿನವು ಒಂದೇ ಸಲ ಒರೆಸಿದ್ದಕ್ಕೆ ಬಿಟ್ಟುಕೊಟ್ಟವು. ಹೊಳಪು ಅಂತ ತೀರ್ಮಾನವಾಯಿತು. ಯಾವ ಬಣ್ಣದ ಹೊಳಪು? ಅದು ಆಗಲಿಲ್ಲ.

ಬೇಸಿಗೆ ಮುಗಿಯುತ್ತ ಬಂದಾಗ ಅದಕ್ಕೆ ನಾವು ಹೋದದ್ದು ಎಲ್ಲಿಗೆ? ಸೀರೆ ಅಂಗಡಿಗೆ! ಚಿಕ್ಕಮ್ಮ ವ್ಯಾನಿಟಿ ಬ್ಯಾಗಿನಿಂದ ಕ್ಯಾಲಿಪರ್ ತೆಗೆದು ಬಿಳಿ ಹಾಸಿನ ಮೇಲೆ ಇಟ್ಟಾಗ ಅಂಗಡಿಯವರು ಎರಡು ಹೆಜ್ಜೆ ಹಿಂದೆ ಸರಿದರು. "ಹೆದರ್ಕೋಬೇಡಿ, ಇದಕ್ಕೆ ಒಪ್ಪೋ ಬಣ್ಣ ತೋರಿಸಿ" ಅಂದರು ಚಿಕ್ಕಮ್ಮ. ಮೈಸೂರಿನ ಸೀರೆ ಅಂಗಡಿಯವರು ಸಾಮಾನ್ಯರೇ? ಗಿಳಿಹಸಿರು, ಆನಂದ ನೀಲಿ, ಅರಿಶಿನ, ಒಂದರ ಮೇಲೊಂದು ಬಿಚ್ಚಿ ಅದರ ಹೆಗಲ ಮೇಲೆ ಹೊದಿಸಿ ತೋರಿಸಿದರು. ಕೊನೆಗೆ ಕ್ಯಾಲಿಪರಿನತ್ತ ಕೈ ತೋರಿ, ಬಹಳ ಗಂಭೀರವಾಗಿ, "ಇವರು ಸ್ವಲ್ಪ ಕಪ್ಪಗಿದಾರೆ ಮೇಡಂ, ತಿಳಿ ಬಣ್ಣ ಎದ್ದು ಕಾಣುತ್ತೆ" ಅಂದರು. ನಾನು ನೆಲ ಬಾಯಿಬಿಡಬಾರದೇ ಅಂತ ಬೇಡಿಕೊಳ್ಳುತ್ತಿದ್ದೆ!

ಅಷ್ಟು ಹೊತ್ತಿಗೆ ಕಡಕೊಳದಿಂದ ಫೋನು. "ಅಮ್ಮ, ನಿಮ್ಮ ಕಾರ್ ಕೆಳಗೆ ಬೆಕ್ಕು ಮರಿ ಹಾಕ್ಬುಟ್ಟದೆ. ಅವು ದೊಡ್ಡವಾಗೋದ್ರೊಳಗಾದ್ರೂ ಬಣ್ಣ ಹೇಳಿ."

"ಬದನೆಕಾಯಿ ಬಣ್ಣ ಹೊಡೀರಿ. ಹೊಳಪಿನದು" ಅಂದುಬಿಟ್ಟರು ಚಿಕ್ಕಮ್ಮ. ನಾನು ಅಂಗಡಿಯಲ್ಲೇ ಚಪ್ಪಾಳೆ ತಟ್ಟಿದೆ.

ಕಾರು ತರಲು ಹೋದ ದಿನ ಚಿಕ್ಕಪ್ಪನೂ ಬಂದಿದ್ದರು. ಯಜಮಾನರು ಹೆಮ್ಮೆಯಿಂದ ಹೊದಿಕೆ ಸರಿಸಿದರು. ಚಕ್ರಗಳ ಸಂದಿಯಿಂದ ಇಣುಕುತ್ತಿದೆ, ಥಳಥಳ ಹೊಳೆಯುವ ನೇರಳೆ! ನಾಲ್ಕಕ್ಕೆ ನಾಲ್ಕೂ!

ಚಿಕ್ಕಮ್ಮ ತಲೆ ಮೇಲೆ ಕೈ ಹೊತ್ತುಕೊಂಡರು. "ಇದೇನ್ರೀ ಇದು! ಬದನೆಕಾಯಿ ಅಂದಿದ್ದೆ!"

"ಬದನೆಕಾಯೇ ಅಲ್ವಾ ಅಮ್ಮ?"

"ಮೈಸೂರಲ್ಲಿ ನಿಂತ್ಕೊಂಡು ಮಾತಾಡ್ತಾ ಇದೀರಿ! ಈರನಗೆರೆ ಬದನೆಕಾಯಿ ತಿಂದಿಲ್ವಾ ನೀವು? ಬದನೆಕಾಯಿ ಅಂದ್ರೆ ಹಸಿರು ಕಣ್ರೀ!"

ಯಜಮಾನರು ನನ್ನ ಮುಖ ನೋಡಿದರು, ನಾನು ಬೆಕ್ಕಿನ ಮರಿಗಳನ್ನು ನೋಡಿದೆ. "ಸರಿ, ಮತ್ತೆ ಬಿಚ್ಚಿ ಹೊಡೀತೀನಿ ಬುಡಿ" ಅಂದರು ಅವರು, ಸೋತ ದನಿಯಲ್ಲಿ. "ಹೊಡೀರಿ. ಆತುರ ಏನಿಲ್ಲ" ಅಂದರು ಚಿಕ್ಕಮ್ಮ. ಅವರ ಮುಖದಲ್ಲಿ ಸಿಟ್ಟಿಗಿಂತ ಬೇರೇನೋ ಇತ್ತು. ಆ ಕ್ಷಣಕ್ಕೆ ನನಗದು ತಿಳಿಯಲಿಲ್ಲ.

ಆಗ ಚಿಕ್ಕಪ್ಪ ಕಾರಿನ ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡರು.

"ರೀ, ಬಣ್ಣ ತಪ್ಪಾಗಿದೆ!"

"ಬಣ್ಣಾನಾ ಚಕ್ರ ಹಿಡಿಯೋದು? ನಡಿ, ಬೆಟ್ಟ ಹತ್ತಿ ಇಳಿಯೋಣ."

ಚಿಕ್ಕಪ್ಪ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಚಿಕ್ಕಮ್ಮ ಹೋಗಿ ಸ್ಟೇರಿಂಗ್ ಮುಂದೆ ಕೂತರು, ಅದಂತೂ ಇನ್ನೂ ದೊಡ್ಡ ಆಘಾತ! ನಾನು ಹಿಂದೆ ಕೂತೆ. ಬೆಟ್ಟ ಹತ್ತುವಾಗ ಎಲ್ಲ ಚೆನ್ನಾಗಿತ್ತು. ಇಳಿಯಲು ತಿರುಗಿದಾಗ ನೋಡುತ್ತೇನೆ, ಚಿಕ್ಕಮ್ಮ ಸ್ಟೇರಿಂಗನ್ನು ಎರಡು ಕೈಯಲ್ಲೂ ಅಪ್ಪಿ ಹಿಡಿದು ಕಾರನ್ನು ಇರುವೆಯ ಹಾಗೆ ತೆವಳಿಸುತ್ತಿದ್ದಾರೆ. ದೋಸೆ ಹೆಂಚಿನ ಪಕ್ಕದಲ್ಲಿ ಪೇಂಟು ಕಾಯಿಸಿದ ಹೆಂಗಸು! ಸೀರೆ ಅಂಗಡಿಯವರನ್ನು ಬೆದರಿಸಿದ ಹೆಂಗಸು!

"ಬಣ್ಣ ಸಿಗಲಿಲ್ಲ ಅಂತಲ್ಲ ಕಣೇ" ಅಂದರು, ರಸ್ತೆಯಿಂದ ಕಣ್ಣು ತೆಗೆಯದೆ. "ಬಣ್ಣ ತೀರ್ಮಾನ ಆಗ್ಬುಟ್ರೆ ಕಾರು ಬಂದ್ಬುಡುತ್ತೆ. ಬಂದ್ರೆ ಇವರನ್ನ ಕೂರಿಸ್ಕೊಂಡು ಓಡಿಸಬೇಕಲ್ಲ."

ಮೊದಲ ತಿರುವು ಬಂತು. ಚಿಕ್ಕಮ್ಮ ಬ್ರೇಕ್ ಒತ್ತಿದರು. ಹೇಳಿದ ಮಾತು ಕೇಳುವ ಮಗುವಿನ ಹಾಗೆ ಕಾರು ನಿಂತಿತು. ಒಂದೂ ಸದ್ದಿಲ್ಲ, ವಾಸನೆಯಿಲ್ಲ. ಕೆಳಗೆ ಊರೆಲ್ಲ ಬಿಸಿಲಿನಲ್ಲಿ ಹರಡಿಕೊಂಡಿತ್ತು. ಚಿಕ್ಕಮ್ಮ ಕಾರನ್ನು ಬದಿಗೆ ಹಾಕಿ, ಉಸಿರು ಬಿಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡರು.

"ಅವತ್ತು ಬ್ರೇಕ್ ಹಿಡೀದೆ ಹೋದಾಗ ಇವರು ಏನಂತ ಕೂಗಿದ್ರು ಗೊತ್ತೇನೇ?" ಅಂದರು ನನಗೆ. "ತಾಯಿ ಚಾಮುಂಡಿ ಅಂತಾರೆ ಅಂದ್ಕೊಂಡೆ. ನನ್ನ ಹೆಸರು ಹಿಡಿದು ಕೂಗಿದ್ರು. ಮದುವೆ ಆದಾಗಿಂದ ಇವಳೇ, ಇವಳೇ, ಇಷ್ಟೇ. ಇವರಿಗೆ ನನ್ನ ಹೆಸರು ಮರೆತೇ ಹೋಗಿದೆ ಅಂದ್ಕೊಂಡಿದ್ದೆ ನಾನು."

ಚಿಕ್ಕಪ್ಪ ಕಿಟಕಿಯಾಚೆ ಏನನ್ನೋ ಬಹಳ ಮುಖ್ಯವಾದದ್ದನ್ನು ನೋಡುತ್ತಿದ್ದರು. ಅವರ ಕಿವಿ ಕೆಂಪಾಗಿತ್ತು.

"ಇನ್ನೊಂದ್ಸಲ ಕರೀರಿ" ಅಂದರು ಚಿಕ್ಕಮ್ಮ. "ಬ್ರೇಕ್ ಸರಿ ಇರೋವಾಗ."

ಒಂದು ಬಸ್ಸು ಏದುಸಿರು ಬಿಡುತ್ತಾ ಹತ್ತಿ ಹೋಯಿತು. ಅದರ ಸದ್ದು ಪೂರ್ತಿ ಅಡಗುವವರೆಗೂ ಕಾದು, ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡು, ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, ಮೆಲ್ಲಗೆ ಆ ಹೆಸರು ಹೇಳಿದರು.