ಮುದ್ದೆ ಬಿಟ್ಟವರ ಸಹವಾಸ

ಹಾಸನದಲ್ಲಿ ಕ್ಲಿನಿಕ್ ಇಟ್ಟ ಮೇಲೆ ನನಗೆ ಬಿಪಿ ಬಂದದ್ದು ಉಪ್ಪಿನಿಂದಲ್ಲ, ಸಕ್ಕರೆ ಕಾಯಿಲೆಯವರಿಂದ. ಮೊಬೈಲಿನಲ್ಲಿ ಕೀಟೊ ಡಯಟ್ ಕಲಿತು ಬರುವವರು ವಾರಕ್ಕೊಬ್ಬರಾದರೂ ಸಿಗುತ್ತಾರೆ. ನಾನೂ ವಾರಕ್ಕೊಮ್ಮೆ ಕೂಗಾಡುತ್ತೇನೆ.

೧. ಊಟಕ್ಕೆ ಮುಂಚೆ

ಅನ್ನ, ಮುದ್ದೆ, ಸಕ್ಕರೆ ಬಿಟ್ಟು ತುಪ್ಪ, ಪನೀರು ತಿನ್ನುವ ಈ ಪಥ್ಯವನ್ನು ಚನ್ನರಾಯಪಟ್ಟಣದ ನಿವೃತ್ತ ಮೇಷ್ಟ್ರೊಬ್ಬರು ಹಿಡಿದು ತಿಂಗಳಾಗಿತ್ತು. ತೂಕ ನೋಡಿದರೆ ನಾಲ್ಕು ಕೆಜಿ ಏರಿದೆ. ಏನೇನು ತಿಂತೀರಿ ಎಂದೆ. ತುಪ್ಪ ಹಾಕಿದ ಕಾಫಿ, ಒಂದು ಹಿಡಿ ಬಾದಾಮಿ, ಪನೀರು ಎಂದರು. ಆಮೇಲೆ?

"ಆಮೇಲೇನು ಡಾಕ್ಟ್ರೇ, ಡಯಟ್ ಮುಗಿಸ್ಕೊಂಡೇ ಊಟಕ್ಕೆ ಕೂರೋದು."

೨. ಎರಡೂ ಇರಲಿ

ಅರಕಲಗೂಡು ಕಡೆಯ ಶುಂಠಿ ಬೆಳೆಯುವ ಗೌಡರೊಬ್ಬರು ಮಾತ್ರ ನಿಜಕ್ಕೂ ಮುದ್ದೆ ಬಿಟ್ಟರು. ತೂಕ ಇಳಿಯಿತು, ಸಕ್ಕರೆ ಇಳಿಯಿತು, ರಕ್ತಪರೀಕ್ಷೆಯಲ್ಲಿ ಮೈಯೊಳಗಿನ ಉರಿಯೂತವೂ ಕಮ್ಮಿ ಕಂಡಿತು. ಅದು ಪಥ್ಯದಿಂದಲೋ ತೂಕ ಇಳಿದದ್ದಕ್ಕೋ ಹೇಳಲಾರೆ, ನನಗಂತೂ ಖುಷಿಯಾಯಿತು. ಆದರೆ ಇವತ್ತಿನಿಂದಲೇ ಮಾತ್ರೆ ಅರ್ಧ ಮಾಡಿ, ಇಲ್ಲದಿದ್ದರೆ ಸಕ್ಕರೆ ಪಾತಾಳಕ್ಕಿಳಿದು ಪ್ರಾಣಕ್ಕೇ ಬರುತ್ತದೆ ಎಂದು ಎರಡೆರಡು ಸಲ ಹೇಳಿದೆ. ಹೂಂಗುಟ್ಟಿ ಹೋದವರು ಪೂರ್ತಿ ಮಾತ್ರೆಯನ್ನೇ ನುಂಗಿದರು. ಯಾಕ್ರೀ ಎಂದು ಆಮೇಲೆ ಕೇಳಿದರೆ ನನಗೇ ಪಾಠ.

"ಸುಂಠಿಗೆ ಗೊಬ್ರನೂ ಆಕ್ತೀವಿ, ಔಸ್ದೀನೂ ಒಡೀತೀವಿ ಸಾ. ಒಂದೇ ಮಾಡಿದ್ರೆ ಬೆಳೆ ಬತ್ತದಾ?"

೩. ಬಸ್ಸಿನಲ್ಲಿ ಬೆಲ್ಲ

ಅವರ ಆ ಬೇಸಾಯದ ಫಲ ಮುಂದಿನ ವಾರ ಹಾಸನದ ಬಸ್ಸಿನಲ್ಲಿ ಸಿಕ್ಕಿತು. ಗೌಡರಿಗೆ ಮೈಯೆಲ್ಲ ಬೆವರು, ಕೈಕಾಲು ನಡುಕ. ಪಕ್ಕದಲ್ಲಿದ್ದ ಹೆಂಡತಿ ಚೀಲದಲ್ಲಿದ್ದ ಬೆಲ್ಲ ಮುರಿದು ಬಾಯಿಗಿಟ್ಟರೆ, ಈ ಮಹಾನುಭಾವರು ಥೂ ಎಂದು ಉಗಿದರು. ಡಯಟ್ ಕೆಡುತ್ತದಂತೆ. ಮಾತು ತೊದಲತೊಡಗಿದಾಗ ಆಯಮ್ಮ ಇನ್ನೊಂದು ಚೂರು ತುರುಕಿ ದವಡೆ ಹಿಡಿದುಕೊಂಡರು. "ನುಂಗ್ತೀರೋ, ಇಲ್ಲ ನಾನು ಕುಂಕುಮ ಅಳುಸ್ಕಬೇಕೋ?"

ನುಂಗಿದರು. ಸ್ವಲ್ಪ ಹೊತ್ತಿಗೆ ಚೇತರಿಸಿಕೊಂಡವರನ್ನು ಸೀದಾ ನನ್ನ ಹತ್ತಿರ ಎಳೆದು ತಂದರು.

ನಾನು ಮೇಜು ಕುಟ್ಟಿ ಬೈದೆ. ಈಯಮ್ಮ ಇರದಿದ್ದರೆ ಬಸ್ಸಿನಿಂದ ನಿಮ್ಮ ಹೆಣ ಇಳಿಸಬೇಕಿತ್ತು ಎಂದೆ. ಗೌಡರು ತಲೆ ತಗ್ಗಿಸಿ ಕೂತಿದ್ದರು. ಮಾತ್ರೆಗಳನ್ನೆಲ್ಲ ಕಿತ್ತುಕೊಂಡು ತಮ್ಮ ಚೀಲಕ್ಕೆ ಹಾಕಿಕೊಂಡ ಹೆಂಡತಿ ಆಚೆ ಹೋದರು. ಅಷ್ಟನ್ನೇ ಕಾಯುತ್ತಿದ್ದ ಗೌಡರು ಕುರ್ಚಿ ಹತ್ತಿರಕ್ಕೆಳೆದು, ದನಿ ತಗ್ಗಿಸಿ ಕೇಳಿದರು:

"ಸಾ, ಆ ಬೆಲ್ಲ ಒಳಕ್ಕೋಗ್ಬುಡ್ತಲ್ಲ, ಈಗ ಡಯಟ್ ಮೊದ್ಲಿಂದ ಸುರು ಮಾಡ್ಬೇಕಾ?"