ಗಂಟೆ ಒಳಗೇ ಇದೆ

ಆ್ಯಪ್‌ಗಳನ್ನು ಸರಳಗೊಳಿಸುವ ಕಾರ್ಯ ಸಂಪೂರ್ಣ ಯಶಸ್ವಿಯಾಗಿದೆ ಎಂದು ಸಂಸ್ಥೆ ಪ್ರಕಟಿಸಿದೆ. ಸಂಸ್ಥೆ ಎಂದರೆ ನಮ್ಮ ಮೇಲಿನ ಮನೆಯ ಡೆವಲಪರ್. ಕಚೇರಿ ಎಂದರೆ ಅವನ ಮಲಗುವ ಕೋಣೆಯ ಕಿಟಕಿ ಪಕ್ಕದ ಮೇಜು. ಅಲ್ಲಿ ಅವನೇ ನಿರ್ದೇಶಕ, ಅವನೇ ನೌಕರ. ಹೀಗಾಗಿ ಸಭೆಗೆ ಯಾರೂ ಗೈರುಹಾಜರಾಗುವುದಿಲ್ಲ.

ಈ ಹಿಂದೆ ಅವನು ಹಲವು ಪುಟ್ಟ ಆ್ಯಪ್‌ಗಳನ್ನು ಮಾಡಿದ್ದ. ಒಂದು, ಹೊರಡುವಾಗ ಕೊಡೆ ಮರೆಯದಂತೆ ನೋಡಿಕೊಳ್ಳುತ್ತಿತ್ತು. ಇನ್ನೊಂದು, ಅವನ ತಾಯಿ ರಕ್ತದೊತ್ತಡದ ಮಾತ್ರೆ ನುಂಗಲೆಂದು ಬೆಳಿಗ್ಗೆ ಗಂಟೆ ಬಾರಿಸುತ್ತಿತ್ತು. ಒಂದೇ ಕೆಲಸ ಮಾಡುವ ಆ್ಯಪ್ ಜನರಲ್ಲಿ ಗೊಂದಲ ಉಂಟುಮಾಡುತ್ತದೆ ಎಂದು ಸಭೆ ಅಭಿಪ್ರಾಯಪಟ್ಟಿತು. ಎಲ್ಲವನ್ನೂ ಒಂದರೊಳಗೆ ತುಂಬಿ ‘ಸರಳ’ ಎಂದು ಹೆಸರಿಡಲಾಯಿತು.

ಮರುದಿನ ಗಂಟೆ ಮೊಳಗಲಿಲ್ಲ. ತಾಯಿ ಗೋಡೆ ಹಿಡಿದುಕೊಂಡು ಕಚೇರಿಗೆ ಬಂದರು.

“ನನ್ನ ಗಂಟೆ ಎಲ್ಲೋ?”

“ಒಳಗೇ ಇದೆ ಅಮ್ಮ. ಮೊದಲು ಖಾತೆ ತೆರಿ. ಪಾಸ್‌ವರ್ಡ್ ಹಾಕು. ಆಮೇಲೆ ಯಾವ್ಯಾವ ಚಿತ್ರದಲ್ಲಿ ಸೇತುವೆ ಇದೆ ಅಂತ ತೋರಿಸು.”

“ಮಾತ್ರೆಗೂ ಸೇತುವೆಗೂ ಏನೋ ಸಂಬಂಧ?”

“ನೀನು ಮನುಷ್ಯಳು ಅಂತ ಖಾತ್ರಿ ಆಗ್ಬೇಕಲ್ಲ.”

“ಹೆತ್ತಾಗ ನಾನು ನಿನ್ನನ್ನ ಹಾಗೆ ಕೇಳಿದ್ನಾ?”

“ಕೇಳ್ಬೇಕಿತ್ತು ಅತ್ತೆ,” ಎಂದಳು ಸೊಸೆ ಅಡುಗೆಮನೆಯಿಂದ.

ದೂರುಗಳನ್ನು ಆ್ಯಪ್ ಮೂಲಕವೇ ಸಲ್ಲಿಸಬೇಕೆಂದು ಅವನು ವಿನಯದಿಂದ ತಿಳಿಸಿದ. ದೂರಿನ ಸೌಲಭ್ಯವನ್ನು ಸರಳತೆಯ ದೃಷ್ಟಿಯಿಂದ ತೆಗೆದುಹಾಕಿದ್ದರಿಂದ ಒಂದು ದೂರೂ ಬರಲಿಲ್ಲ. ಬಳಕೆದಾರರ ತೃಪ್ತಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ ಎಂದು ಸಂಸ್ಥೆ ಹರ್ಷ ವ್ಯಕ್ತಪಡಿಸಿತು.

ಆ ವಾರವೇ ತಾಯಿ ತಲೆಸುತ್ತಿ ಬಚ್ಚಲ ಬಾಗಿಲಲ್ಲಿ ಕುಸಿದು ಕುಳಿತರು. ಅಂದಿನಿಂದ ಸೊಸೆ ಗಡಿಯಾರ ನೋಡಿ, ಸೌಟಿನಿಂದ ತಟ್ಟೆ ಬಡಿದು, “ಅತ್ತೇ, ಮಾತ್ರೆ!” ಎಂದು ಕೂಗತೊಡಗಿದಳು. ಒಂದು ದಿನವೂ ತಪ್ಪಲಿಲ್ಲ. ಇದನ್ನು ಗಮನಿಸಿದ ಸಂಸ್ಥೆ, ‘ಸರಳ’ದ ಹೊಸ ಆವೃತ್ತಿ ಬಿಡುಗಡೆಯಾಗಿದೆ ಎಂದು ಘೋಷಿಸಿತು. ಸಹಜ ಮಾನವ ಧ್ವನಿ; ಇಂಟರ್‌ನೆಟ್ ಬೇಕಿಲ್ಲ. ನಿಯಮ ಒಂದೇ: ಕೂಗುವ ಮುನ್ನ ಬಳಕೆದಾರರ ಒಪ್ಪಿಗೆ ಪಡೆಯತಕ್ಕದ್ದು.

ಈಗ ಎಲ್ಲವೂ ಸುಗಮ. ಪ್ರತಿ ಬೆಳಿಗ್ಗೆ ಸೊಸೆ ಸೌಟು ಎತ್ತಿ ಹಿಡಿದು ಕೇಳುತ್ತಾಳೆ:

“ಅತ್ತೆ, ಷರತ್ತುಗಳಿಗೆ ಒಪ್ಪಿದೀರಾ?”

“ಒಪ್ಪಿದೀನಿ ಕಣೇ, ಬೇಗ ಬಡಿ. ತಲೆ ಸುತ್ತುತ್ತಾ ಇದೆ.”

ಕೆಳಗಿನ ಮನೆಯಲ್ಲಿ ನಾನೂ ಆ ಸದ್ದಿಗೇ ನನ್ನ ಮಾತ್ರೆ ನುಂಗುತ್ತೇನೆ. ಒಪ್ಪಿಗೆ ನೀಡದೆ ಸೇವೆ ಬಳಸುತ್ತಿದ್ದೀರಿ ಎಂದು ಮೊನ್ನೆ ಸಂಸ್ಥೆಯಿಂದ ನೋಟಿಸು ಬಂತು. ತಪ್ಪು ನನ್ನದೇ. ಮೇಲೆ ಹೋಗಿ ಸೇತುವೆಗಳನ್ನು ತೋರಿಸಿ ಬಂದೆ.