ಉತ್ತರ ಹೇಳಿದವರ ಬಾಯಿಗೆ ಥರ್ಮಾಮೀಟರು

ಕಾಯಿಲೆ ಇಲ್ಲದವರಿಗೇ ಜ್ವರ ನೋಡುವ ಡಾಕ್ಟರನ್ನು ನೀವು ಕಂಡಿದ್ದೀರಾ? ನಮ್ಮೂರು ಹೂಡಿಯಲ್ಲಿ ಒಬ್ಬರಿದ್ದರು!

ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಹದಿನಾರರ ಹುಡುಗಿ ಡಾಕ್ಟರ ಮುಂದೆ ಬಾಯಿ ಬಿಡುವ ಪದ್ಧತಿ ಇರಲಿಲ್ಲ. ಎಲ್ಲಿ ನೋವು, ಎಷ್ಟು ದಿನದಿಂದ, ಏನು ತಿಂದಳು, ಎಲ್ಲವನ್ನೂ ಜೊತೆಗೆ ಬಂದ ಹಿರಿಯರೇ ಹೇಳಬೇಕು. ಇದನ್ನು ಕಂಡರೆ ಡಾಕ್ಟರಿಗೆ ಮೈಯೆಲ್ಲ ಉರಿ. ಹುಡುಗರ ಪರವಾಗಿ ಯಾರು ಉತ್ತರ ಕೊಟ್ಟರೂ ಥರ್ಮಾಮೀಟರನ್ನು ಅವರ ಬಾಯಿಗೇ ಇಟ್ಟುಬಿಡುತ್ತಿದ್ದರು. "ತುಟಿ ಮುಚ್ಕೊಳ್ಳಿ. ಐದು ನಿಮಿಷ!"

ಪಕ್ಕದ ಮನೆಯ ಮಾವ ಫ್ಯಾಕ್ಟರಿಯಲ್ಲಿ ಯೂನಿಯನ್ ಭಾಷಣ ಮಾಡುವವರು. ಮಗನ ಭೇದಿಯ ವರದಿ ಒಪ್ಪಿಸಲು ಹೋಗಿ ಐದು ನಿಮಿಷ ಮೂಕರಾಗಿ ಕುಳಿತರು. "ನನ್ನ ಬಾಯಿ ಮುಚ್ಸೋಕೆ ಮ್ಯಾನೇಜ್‌ಮೆಂಟ್ ಕೈಲೂ ಆಗಿರ್ಲಿಲ್ಲ ಕಣಮ್ಮ" ಎಂದು ನನ್ನೆದುರು ಹಲುಬಿದರು. ಅವರ ಹೆಂಡತಿ ಮಾತ್ರ ಅಂಥ ಥರ್ಮಾಮೀಟರು ಎಲ್ಲಿ ಸಿಗುತ್ತದೆಂದು ವಿಚಾರಿಸಿದರು!

ಇಷ್ಟಾದರೂ ಡಾಕ್ಟರು ನಕ್ಕದ್ದನ್ನು ಕಂಡವರಿಲ್ಲ. ಅವರ ಕ್ಲಿನಿಕ್ಕೂ ಅಷ್ಟೇ, ಹಗಲಲ್ಲೂ ಮಬ್ಬು.

ನನ್ನ ಸರದಿ ಬಂದಾಗ ನನಗೂ ನಗು ಉಳಿದಿರಲಿಲ್ಲ. ಎರಡು ತಿಂಗಳ ಕೆಮ್ಮು, ವಾರದಿಂದ ಅದರಲ್ಲಿ ರಕ್ತ. ಕ್ಷಯ ಎಂದು ಊರಿಗೆ ಗೊತ್ತಾದರೆ ಅಕ್ಕನಿಗೆ ನಿಶ್ಚಯವಾಗಿದ್ದ ಮದುವೆ ಸಂಬಂಧ ಮುರಿದು ಬೀಳುತ್ತದೆ ಎಂಬ ಭಯ. ರಕ್ತವನ್ನು ಲಂಗದ ಅಂಚಿನಲ್ಲಿ ಒರೆಸಿಕೊಂಡು ಮನೆಯವರಿಂದ ಮುಚ್ಚಿಟ್ಟಿದ್ದೆ.

"ಏನಿಲ್ಲ ಸಾಮಿ, ಸೀಬೆಕಾಯಿ ತಿಂದು ಇಂಗಾಗೈತೆ..." ಎಂದು ಅಜ್ಜಿ ಶುರುಮಾಡಿದರು. ಥರ್ಮಾಮೀಟರು ಬಾಯಿಗೆ ಬಿತ್ತು. ಅವರನ್ನು ಹಾಗೆಯೇ ಹೊರಗಿನ ಬೆಂಚಿಗೆ ಕಳಿಸಿ ಡಾಕ್ಟರು ನನ್ನ ಕಡೆ ತಿರುಗಿದರು.

"ನೀನು ಹೇಳಮ್ಮ."

ನಾನು ಲಂಗದ ಅಂಚನ್ನು ಮುದುರಿ ಹಿಡಿದೆ. ಅವರು ಗದರಲಿಲ್ಲ, ಕಾದರು.

"ನನ್ನ ಮಗಳೂ ಹೀಗೇ ಕೂತಿದ್ಲು, ದೊಡ್ಡಾಸ್ಪತ್ರೇಲಿ. ನಿನ್ನಷ್ಟೇ ವಯಸ್ಸು. ಕೇಳಿದ್ದಕ್ಕೆಲ್ಲ ನಾನೇ ಉತ್ತರ ಹೇಳ್ಬಿಟ್ಟೆ. ಡಾಕ್ಟರಲ್ವಾ, ಎಲ್ಲಾ ಗೊತ್ತು ಅಂತ! ವಾರಕ್ಕೇ ಹೋಗ್ಬಿಟ್ಲು. ಅವಳಿಗೆ ಎಲ್ಲಿ ನೋವಿತ್ತು ಅಂತ ನಂಗೆ ಈಗ್ಲೂ ಗೊತ್ತಿಲ್ಲಮ್ಮ."

ನನಗೆ ಅಳು ಬಂತು. ನನ್ನ ಕಾಯಿಲೆಗಲ್ಲ, ಆ ಮನುಷ್ಯನನ್ನು ನೋಡಿ.

"ಕೆಮ್ಮಿದ್ರೆ ರಕ್ತ ಬರುತ್ತೆ ಡಾಕ್ಟ್ರೇ. ಮನೇಲಿ ಹೇಳ್ಬೇಡಿ."

"ಔಷಧಿ ಇದೆ, ವಾಸಿಯಾಗುತ್ತೆ. ಆದ್ರೆ ಮನೇಲಿ ಹೇಳ್ಲೇಬೇಕು." ಅವರು ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. "ನೀನೇ ಹೇಳು. ನಾನು ಪಕ್ಕದಲ್ಲೇ ನಿಂತಿರ್ತೀನಿ."